ಸಿರಿ ಪಾಡ್ದನ: ಕತೆ ಮತ್ತು ನಂಬಿಕೆಯ ನಡುವೆ

ಆಧ್ಯಾತ್ಮಿಕ ನಂಬಿಕೆಗಳೆಲ್ಲವೂ ಮೂಲತಃ ಕತೆಗಳೇ ಎಂಬ ಮಾತು ಜಾನಪದ ಅಧ್ಯಯನದಲ್ಲಿ ಹೊಸದಲ್ಲ. ತುಳುನಾಡಿನ ಸಿರಿ ಆರಾಧನೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ ಎನಿಸುತ್ತದೆ.

ಸಿರಿಯ ವೃತ್ತಾಂತ ಬರಿಯ ಕತೆಯಾಗಿಯೂ ಗಟ್ಟಿಯಾದದ್ದು. ಬಯಕೆಯ ಶಾಸ್ತ್ರಕ್ಕೆಂದು ಗಂಡ ಕಾಂತು ಪೂಂಜ ತಂದ ಸೀರೆಯನ್ನು ಸೂಳೆ ಸಿದ್ದು ಮೊದಲೇ ಉಟ್ಟಿದ್ದಳೆಂಬ ಕಾರಣಕ್ಕೆ ಸಿರಿ ಅದನ್ನು ನಿರಾಕರಿಸುತ್ತಾಳೆ. ಮುಂದೆ ಗಂಡನನ್ನೇ ತೊರೆಯುತ್ತಾಳೆ. ಆಕೆಯ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ, ದಾರಗ ಚೆನ್ನೆಮಣೆಯ ಆಟದಲ್ಲಿ ಕಲಹವಾಡಿ ಸಾಯುತ್ತಾರೆ. ಗೋಪಾಲ ನಾಯ್ಕರು 1990ರಲ್ಲಿ ನಿರೂಪಿಸಿದ ಪಠ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಡಗೂಡಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳ ಮಹಾಕಾವ್ಯ.

ಆದರೆ ಕವತ್ತಾರಿನಂತಹ ಆಲಡೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಿರಿ ಜಾತ್ರೆಯ ರಾತ್ರಿ ಯಾರೂ ಈ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದಿಲ್ಲ. ಅದು ನೆರೆದವರಿಗೆಲ್ಲ ಗೊತ್ತಿರುವಂಥದ್ದೇ. ಮೈದುಂಬಿದ ಹೆಣ್ಣನ್ನು ಕುಮಾರನ ಪಾತ್ರಿ ಕೇಳುವುದು ಒಂದೇ ಪ್ರಶ್ನೆ: ನೀನು ಯಾರು? ಆಕೆ ಸಿರಿಯೋ ಸೊನ್ನೆಯೋ ಅಬ್ಬಗೆಯೋ ಎಂಬುದು ಅವಳ ಬಾಯಿಂದಲೇ ಬರಬೇಕು. ಉತ್ತರ ಸುಲಭವಾಗಿ ಬರುವುದಿಲ್ಲ. ಹೊಸಬಳಾದರೆ ಬಿಕ್ಕುತ್ತಾಳೆ, ಮೌನವಾಗುತ್ತಾಳೆ. ಮನೆಯಲ್ಲಿ ಹೆಸರಿಲ್ಲದೆ ಅನುಭವಿಸಿದ ಸಂಕಟಕ್ಕೆ ಇಲ್ಲಿ ಒಂದು ಹೆಸರು, ಒಂದು ಬಾಂಧವ್ಯ ದೊರೆಯುತ್ತದೆ. ‘ಅವಳು’ ಎಂದು ಹೇಳಿದ್ದು ಕತೆ. ‘ನಾನು’ ಎಂದು ನುಡಿದದ್ದು ನಂಬಿಕೆ. ನಾಟಿಯ ಗದ್ದೆಯಲ್ಲಿ ಇದೇ ಪಾಡ್ದನವನ್ನು ಹಾಡುವ ಹೆಂಗಸರಿಗೆ ಮೈದುಂಬಬೇಕಾಗಿಲ್ಲ. ವಸ್ತು ಒಂದೇ, ಅದರೊಡನೆ ಹೇಳುವವಳಿಗಿರುವ ಸಂಬಂಧ ಬೇರೆ.

ಮಹಾಕಾವ್ಯ ಎಂಬ ಹೆಸರನ್ನು ಕೊಟ್ಟವರು ವಿದ್ವಾಂಸರು, ಆಲಡೆಯವರಲ್ಲ. ಆ ಹೆಸರಿನಿಂದ ತುಳುವಿಗೆ ಗೌರವ ಬಂದದ್ದು ನಿಜ. ಹೊಂಕೊ ಅವರಿಗೂ ಈ ಅಂತರದ ಅರಿವಿತ್ತು. ಅವರ ತಂಡ ಆಚರಣೆಯನ್ನೂ ದಾಖಲಿಸಿತು. ಅನಂತರದ ನಮ್ಮ ಬರಹಗಳಲ್ಲಿ ಮಾತ್ರ ಪಠ್ಯದ ಆಶಯ, ಸೂತ್ರ, ಪುನರುಕ್ತಿಗಳ ಚರ್ಚೆಯೇ ಹೆಚ್ಚಾಗಿ, ಆಲಡೆಯ ಪ್ರಶ್ನೋತ್ತರ ಅಡಿಟಿಪ್ಪಣಿಗೆ ಸರಿದಿದೆ. ಇದು ಸಣ್ಣ ಲೋಪವೆಂದು ನನಗನಿಸುವುದಿಲ್ಲ.

ಇನ್ನೊಂದು ಮಾತು. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ನಿಷೇಧ ತುಳುನಾಡಿನಲ್ಲಿ ಪ್ರಸಿದ್ಧವಾದುದು. ಇದನ್ನು ಪಾಲಿಸಲು ಪಾಡ್ದನವನ್ನು ಪೂರ್ತಿ ಕೇಳಿರಬೇಕೆಂದಿಲ್ಲ. ಕತೆ ಮರೆತ ಮನೆಯಲ್ಲೂ ಚೆನ್ನೆಮಣೆಯ ಮುಂದೆ ತಾಯಿ ಮಕ್ಕಳನ್ನು ತಡೆಯಬಲ್ಲಳು.