ತೊಗಲ ಮೇಲಿನ ಬಳ್ಳಿ

ಕಮಲಾಪುರದ ತರುಣಿಯೊಬ್ಬಳು ಕಲಬುರಗಿಯ ಒಂದು ಅಲ್ಪಾವಧಿ ತರಗತಿಯಲ್ಲಿ ಚರ್ಮದ ಮೇಲೆ ಉಬ್ಬುಚಿತ್ತಾರ ಮೂಡಿಸುವ ವಿದ್ಯೆಯ ಪ್ರಥಮ ಪಾಠಗಳನ್ನು ಕಲಿತು, ಅನಂತರ ಮನೆಯಲ್ಲಿ ಕುಳಿತು ಮಾಡಿದ ಮೂರು ವಸ್ತುಗಳನ್ನು, ಎಂದರೆ ಲೋಟದ ಕೆಳಗೆ ಇಡತಕ್ಕ ಒಂದು ದುಂಡು ಬಿಲ್ಲೆ, ಒಂದು ಬೆಲ್ಟು, ಒಂದು ಡೈರಿಯ ಹೊದಿಕೆ, ಇವನ್ನು ಅಭಿಪ್ರಾಯಕ್ಕಾಗಿ ನನ್ನಲ್ಲಿ ಬಿಟ್ಟುಹೋಗಿದ್ದಾಳೆ. ಆರಂಭಿಕರ ಕೆಲಸವನ್ನು ಹೊಗಳಿ ಹಿಂದಿರುಗಿಸುವುದೇ ಸೌಜನ್ಯವೆಂಬ ರೂಢಿ ನಮ್ಮಲ್ಲಿ ಬೇರೂರಿದೆ. ಆದರೆ ಈ ವಸ್ತುಗಳಲ್ಲಿ ಕಾಣುವ ಗುಣದೋಷಗಳಿಗೆ ಅವಳ ಕೈ ಎಷ್ಟು ಕಾರಣವೋ ಅವಳಿಗೆ ಕಲಿಸಿದ ಕ್ರಮವೂ ಅಷ್ಟೇ ಕಾರಣವಾಗಿರುವುದರಿಂದ, ಸ್ವಲ್ಪ ನಿಷ್ಠುರವಾಗಿಯೇ ಅವನ್ನು ಪರಿಶೀಲಿಸುವುದು ಯುಕ್ತವೆಂದು ತೋರುತ್ತದೆ.

ಈ ವಿದ್ಯೆಯ ತತ್ತ್ವ ಸರಳವಾದುದು. ಮರದ ತೊಗಟೆ, ಅಳಲೆಕಾಯಿ ಮೊದಲಾದವುಗಳ ಒಗರಿನಿಂದ ಹದಮಾಡಿದ ಚರ್ಮವು ನೀರು ಹೀರಿದಾಗ ಮೆತ್ತಗಾಗಿ, ಒತ್ತಿದ ಗುರುತನ್ನು ಹಿಡಿದುಕೊಂಡು, ಒಣಗಿದ ಬಳಿಕವೂ ಅದನ್ನು ಬಿಟ್ಟುಕೊಡುವುದಿಲ್ಲ. ಕ್ರೋಮಿಯಂ ಲವಣದಿಂದ ಹದಗೊಂಡು ಇಂದು ಪೇಟೆಯಲ್ಲಿ ಬಹುಮಟ್ಟಿಗೆ ದೊರೆಯತಕ್ಕ ಚರ್ಮಕ್ಕೆ ಈ ಧಾರಣಶಕ್ತಿಯಿಲ್ಲ. ಚಿತ್ರದ ರೇಖೆಯನ್ನು ಚರ್ಮದ ದಪ್ಪದ ಅರ್ಧಕ್ಕೆ ಮೀರದಂತೆ ಚಾಕುವಿನಿಂದ ಸೀಳಿ, ಆ ಸೀಳಿನ ಹೊರಮಗ್ಗುಲನ್ನು ಅಚ್ಚುಮೊಳೆಯಿಂದ ಬಡಿದು ಇಳಿಜಾರಾಗಿ ತಗ್ಗಿಸುತ್ತಾರೆ. ಎಲೆ ತಾನಾಗಿ ಮೇಲೇಳುವುದಿಲ್ಲ. ಸುತ್ತಲಿನ ನೆಲ ತಗ್ಗಿ, ಆ ತಗ್ಗಿನಲ್ಲಿ ನೆರಳು ನಿಂತು, ಎಲೆ ಎದ್ದಂತೆ ಕಾಣುತ್ತದೆ.

ಇಷ್ಟನ್ನು ತರಗತಿ ಚೆನ್ನಾಗಿಯೇ ಕಲಿಸಿದೆ. ದುಂಡುಬಿಲ್ಲೆಯ ಎಡಭಾಗವನ್ನು ಬೆಳಕಿಗೆ ಹಿಡಿದರೆ ಮೊಳೆಯ ಏಟುಗಳು ಒಂದರೊಳಗೊಂದು ಬೆರೆತು ಇಳಿಜಾರು ನುಣುಪಾಗಿದೆ. ಬಲಭಾಗಕ್ಕೆ ಬಂದರೆ ಅದೇ ಮೊಳೆ, ಅದೇ ಕೈ, ಆದರೆ ಏಟುಗಳು ಬಿಡಿಬಿಡಿಯಾಗಿ, ಉಗುರಿನ ಗುರುತುಗಳಂತೆ ಮೇಲುಮೇಲೆ ಉಳಿದಿವೆ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಒದ್ದೆಮಾಡಿದ ಚರ್ಮ ತನ್ನ ಸಹಜವರ್ಣಕ್ಕೆ ಹೆಚ್ಚುಕಡಿಮೆ ಮರಳಿದಾಗ, ಮುಟ್ಟಿದರೆ ಇನ್ನೂ ತಂಪಾಗಿರುವಾಗ, ಕೆಲಸಕ್ಕೆ ತೊಡಗಬೇಕೆಂಬ ನಿಯಮವನ್ನು ಅವಳು ಪಾಲಿಸಿದ್ದಾಳೆ. ಆದರೆ ಉಷ್ಣಮಾನ ನಾಲ್ವತ್ತು ಡಿಗ್ರಿಗಳನ್ನು ಸಲೀಸಾಗಿ ದಾಟುವ ನಮ್ಮ ವೈಶಾಖದ ಮಧ್ಯಾಹ್ನದಲ್ಲಿ, ಅರ್ಧ ಬಳ್ಳಿ ಮುಗಿಯುವುದರೊಳಗಾಗಿ ಉಳಿದರ್ಧದ ಹದ ಹಾರಿಹೋಗುವುದೆಂಬ ಮಾತನ್ನು, ತಂಪುಯಂತ್ರವಿಟ್ಟ ಕೊಠಡಿಯಲ್ಲಿ ಪಾಠ ಹೇಳುವವರು ಹೇಳಲಿಲ್ಲ. ಹಿಂದಿನ ರಾತ್ರಿಯೇ ಚರ್ಮವನ್ನು ನೆನೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗಿನವರೆಗೆ ಸಮನಾಗಿ ಇಳಿಯುತ್ತದೆ. ಬೆಳಗಿನ ಹೊತ್ತು ಕುಳಿತು, ಕೆಲಸವಿಲ್ಲದ ಭಾಗವನ್ನು ಮುಚ್ಚಿಕೊಂಡು ಮುಂದುವರಿಯಬಹುದು. ಊರಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯದ ಪಾಠ ಅರ್ಧ ಪಾಠವೇ ಸರಿ.

ಬೆಲ್ಟಿನ ದೋಷ ಇದಕ್ಕಿಂತ ಗುರುತರವಾದುದು. ನೇರವಾಗಿ ಹಾಸಿದರೂ ಅದು ಒಂದು ಬದಿಗೆ ಬಾಗುತ್ತದೆ. ಒಂದೆಡೆ ಬಿಗಿ, ಒಂದೆಡೆ ಸಡಿಲು. ತರಗತಿಯಲ್ಲಿ ಅಳತೆಗೆ ಕತ್ತರಿಸಿದ ಪಟ್ಟಿಗಳನ್ನೇ ಕೈಗೆ ಕೊಟ್ಟಿದ್ದರಿಂದ, ಇಡೀ ಚರ್ಮವನ್ನು ಅವಳು ಕಂಡದ್ದು ತಾನೇ ಹಣಕೊಟ್ಟು ಕೊಂಡ ದಿನವೇ. ಬೆನ್ನುಹುರಿಯ ಪಕ್ಕದ ಚರ್ಮ ದಟ್ಟವಾಗಿ ಎಳೆತಕ್ಕೆ ಜಗ್ಗದೆ ನಿಲ್ಲುತ್ತದೆ, ಹೊಟ್ಟೆಯ ಭಾಗ ಹಿಗ್ಗುತ್ತದೆ, ಆದುದರಿಂದ ಬೆಲ್ಟನ್ನು ಬೆನ್ನಿನ ಗುಂಟ ತೆಗೆಯತಕ್ಕದ್ದು ಎಂಬುದನ್ನು ರಸ್ತೆಯ ಬದಿಯಲ್ಲಿ ಮೆಟ್ಟು ಹೊಲಿಯುವ ಯಾವ ಮುದುಕನಾದರೂ ಚರ್ಮವನ್ನು ಬೆರಳಲ್ಲಿ ಮಡಿಸಿ ನೋಡಿ ಹೇಳಿಯಾನು. ಅಂಚಿನಲ್ಲಿ ಮೂಡಿರುವ ನೀಲಿಗಪ್ಪು ಕಲೆಗಳನ್ನು ನೋಡಿ ಅವಳು ಬೂಷ್ಟು ಹಿಡಿಯಿತೆಂದು ಭಾವಿಸಿದ್ದಳು. ಒಗರುಳ್ಳ ಒದ್ದೆ ಚರ್ಮಕ್ಕೆ ಕಬ್ಬಿಣ ಸೋಕಿದರೆ ಹುಟ್ಟುವ ಕಪ್ಪು ಅದು, ಕಲಂಕಾರಿಯ ಬಣ್ಣಗಾರರು ಬೆಲ್ಲದ ನೀರಿನಲ್ಲಿ ಕಬ್ಬಿಣ ಕೊಳೆಹಾಕಿ ಬೇಕೆಂದೇ ಪಡೆಯುವ ಕಪ್ಪು.

ಆ ಮುದುಕನನ್ನು ತರಗತಿಗೆ ಯಾರೂ ಕರೆಯಲಿಲ್ಲ. ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಎಂದು ಸಭೆಗಳಲ್ಲಿ ಭಕ್ತಿಯಿಂದ ಹೆಸರೆತ್ತುವ ಈ ನಾಡಿನಲ್ಲಿ, ಅವರ ಕಸುಬನ್ನು ಹವ್ಯಾಸವೆಂದು ಶುಲ್ಕಕೊಟ್ಟು ಕಲಿಯುವ ಕೊಠಡಿಗೂ ಅದೇ ಕಸುಬಿನಿಂದ ಹೊಟ್ಟೆಹೊರೆಯುವವರ ಗೂಡಂಗಡಿಗೂ ನಡುವೆ ಇರುವುದು ಒಂದೆರಡು ಬೀದಿಗಳ ಅಂತರವಷ್ಟೇ ಆದರೂ, ಆ ಅಂತರವನ್ನು ದಾಟಲು ಸಂಘಟಕರಿಗೆ ಮನಸ್ಸು ಬಂದಿಲ್ಲ. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. ಅಥಣಿ, ನಿಪ್ಪಾಣಿಯ ಕುಶಲಿಗಳ ಕೈಚಳಕಕ್ಕೆ ಅಷ್ಟಾದರೂ ಮನ್ನಣೆ ಸಂದಿತು. ಚರ್ಮ ಕೊಯ್ಯುವ ಕಲಬುರಗಿಯ ರಂಪಿಗೆಗೆ ಅಂಥ ಪತ್ರವೊಂದಿಲ್ಲವೆಂದು ಅದರ ಅರಿವಿಗೆ ಬೆಲೆಯಿಲ್ಲವಾಗುವುದೆ?

ಡೈರಿಯ ಹೊದಿಕೆಯಲ್ಲಿ ನನಗೆ ಹೆಚ್ಚು ಕುತೂಹಲ. ಮುಂಬದಿಯಲ್ಲಿ ಸುರುಳಿಸುರುಳಿಯಾದ ಬಳ್ಳಿ, ಪ್ರತಿಯೊಂದು ಸುರುಳಿಯ ನಡುವೆ ಐದೆಸಳಿನ ಕಾಡುಗುಲಾಬಿ. ಅಮೆರಿಕದ ವಯೋಮಿಂಗ್ ಸೀಮೆಯ ಶೆರಿಡನ್ ಪಟ್ಟಣದಲ್ಲಿ ಕುದುರೆಯ ಜೀನು ಮಾಡುವವರು ಕಳೆದ ಶತಮಾನದಲ್ಲಿ ಬೆಳೆಸಿದ ಶೈಲಿಯಿದು. ಅಲ್ಲಿ ಅದು ಸುಂದರವೂ ಸಾರ್ಥಕವೂ ಹೌದು. ಇಲ್ಲಿ ಅವಳು ಕಾಣದ ಹೂವನ್ನು ಅವಳು ತೀಡಿದ್ದಾಳೆ, ಆದುದರಿಂದಲೇ ಯಾವ ಎಸಳು ಯಾವುದರ ಮೇಲಿದೆಯೆಂಬ ನಿಶ್ಚಯ ಅವಳ ಚಾಕುವಿಗಿಲ್ಲ. ವಿದೇಶದ ತಂತ್ರವನ್ನು ತರುವುದು ತಪ್ಪೆಂದು ನನ್ನ ಅಭಿಪ್ರಾಯವಲ್ಲ. ರಥೀಂದ್ರನಾಥ ಠಾಕೂರರೂ ಪ್ರತಿಮಾದೇವಿಯವರೂ ಚರ್ಮದ ಉಬ್ಬುಗೆಲಸವನ್ನು ಯುರೋಪಿನಿಂದಲೇ ಶಾಂತಿನಿಕೇತನಕ್ಕೆ ತಂದರು. ಆದರೆ ಅಲ್ಲಿನ ಚೀಲಗಳ ಮೇಲೆ ಮೂಡಿದ್ದು ಬಂಗಾಳದ ಅಂಗಳದ ರಂಗೋಲಿಯಾದ ಅಲ್ಪನಾ.

ನಮ್ಮಲ್ಲಿ ಮಾದರಿಗಳಿಗೇನು ದಾರಿದ್ರ್ಯ? ತೊಗಲುಗೊಂಬೆಯನ್ನು ಕೆಲವರು ಸೂಚಿಸಬಹುದು, ಆದರೆ ಅದು ಬೆಳಕನ್ನು ಒಳಗಿನಿಂದ ಹಾಯಿಸುವ, ರಂಧ್ರ ಮತ್ತು ಬಣ್ಣಗಳ ಕಲೆ. ಉಬ್ಬುತಗ್ಗುಗಳ ಕಲೆಗೆ ಅದರಿಂದ ಹೆಚ್ಚು ಉಪಕಾರವಾಗದು. ಕಲಬುರಗಿಯ ಹಫ್ತ್ ಗುಂಬಜ್ ಸಮುಚ್ಚಯಕ್ಕೆ ಹೋಗಿ, 1422ರಲ್ಲಿ ತೀರಿಕೊಂಡ ಫಿರೋಜ್ ಷಾ ಬಹಮನಿಯ ಸಮಾಧಿಯ ಒಳಗೋಡೆಗಳ ಗಾರೆಗೆಲಸವನ್ನು ನೋಡಬೇಕು: ಹಸಿಗಾರೆಯಲ್ಲಿ ನೆಲವನ್ನು ತಗ್ಗಿಸಿ ಬಳ್ಳಿಯನ್ನು ಉಳಿಸಿರುವ ಆ ಕೈಗಳು, ಚರ್ಮಕ್ಕೆ ಬೇಕಾದ ವ್ಯಾಕರಣವನ್ನೇ ಸುಣ್ಣದಲ್ಲಿ ಬರೆದಿವೆ. ಬೆರಳಗಲದ ಆಳದಲ್ಲಿ ಎಷ್ಟು ನೆರಳನ್ನು ದುಡಿಸಿಕೊಳ್ಳಬಹುದೆಂಬುದನ್ನು ಯಾವ ಮುದ್ರಿತ ನಕ್ಷೆಯೂ ಇಷ್ಟು ಸ್ಪಷ್ಟವಾಗಿ ತೋರಿಸಲಾರದು.

ಹೊದಿಕೆಯ ಹಿಂಬದಿಯಲ್ಲಿ, ಯಾರೂ ಕೇಳದೆ, ಒಂದು ಬಾಳೆಯೆಲೆಯನ್ನು ಅವಳು ಬಿಡಿಸಿದ್ದಾಳೆ. ಕಮಲಾಪುರದ ಕೆಂಪುಬಾಳೆಯದೇ ಇರಬೇಕು. ಗಾಳಿಗೆ ಮೂರು ಕಡೆ ಸೀಳಿದ ಎಲೆ. ಒತ್ತೊತ್ತಾದ ಸಮಾನಾಂತರ ನರಗಳನ್ನು ಬಾಗುರೇಖೆಗೆ ಒಗ್ಗಿದ ಚಾಕುವಿನಿಂದ ಸೀಳುವುದು ನುರಿತವರಿಗೂ ಕಷ್ಟ, ಅವಳ ನರಗಳು ಅಲ್ಲಲ್ಲಿ ಒಂದನ್ನೊಂದು ಮುಟ್ಟಿವೆ. ಆದರೂ ಸೀಳಿದ ಎರಡು ತುಂಡುಗಳಲ್ಲಿ ಯಾವುದು ಹಿಂದಕ್ಕೆ ಮಡಿದಿದೆ, ನೆರಳು ಎಲ್ಲಿ ಬೀಳತಕ್ಕದ್ದು ಎಂಬುದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ; ಪ್ರತಿಯೊಂದು ಏಟಿಗೂ ಕಾರಣವಿದೆ. ಈ ಮೂರು ವಸ್ತುಗಳಲ್ಲಿ ಕೃತಿಯೆಂಬ ಹೆಸರಿಗೆ ಅರ್ಹವಾದುದು ಈ ಹಿಂಬದಿಯೊಂದೇ. ಅದನ್ನು ಮುಂಬದಿಗೆ ತರುವ ಮೊದಲು ನಡುದಂಟಿನ ಬಲಮಗ್ಗುಲನ್ನು ಇನ್ನೊಮ್ಮೆ ಒದ್ದೆಮಾಡಿ ತಗ್ಗಿಸಬೇಕಾಗಿದೆ, ಅಂಚನ್ನು ಮರದ ಕೋಲಿನಿಂದ ಉಜ್ಜಿ ನಯಗೊಳಿಸುವ ಕೆಲಸವೂ ಬಾಕಿಯಿದೆ.