ಟಂಕಸಾಲೆಯ ತಪ್ಪು, ಅರದ ಗೀರು

ಆಮೇಲೆ ಪೆಟ್ಟು ತಿಂದ ನಾಣ್ಯ ಯಾವುದು, ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ್ದು ಯಾವುದು ಎಂದು ಹೇಳಬಲ್ಲ ಕಣ್ಣುಗಳ ಬಗ್ಗೆ ನನಗೆ ಅಪಾರ ಗೌರವ. ಯಂತ್ರದಲ್ಲಿ ಹೀಗಾಗಲು ಸಾಧ್ಯವೇ ಎಂಬ ಒಂದೇ ಪ್ರಶ್ನೆಯನ್ನು ಅವು ಬಿಡದೆ ಕೇಳುತ್ತವೆ.

ಅಂಚಿನಲ್ಲಿ ಅರ್ಧಚಂದ್ರದಷ್ಟು ತುಂಡಾದ ನಾಣ್ಯವನ್ನೇ ನೋಡಿ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದರೆ, ಪಂಚ್ ಹಿಂದಿನ ತೂತಿನ ಮೇಲೂ ಬಿದ್ದು ಬಿಲ್ಲೆಯ ಒಂದು ಭಾಗ ಇಲ್ಲದಂತಾಗುತ್ತದೆ. ಮುಂದೆ ಅಂಚು ಎಬ್ಬಿಸುವ ಯಂತ್ರಕ್ಕೆ ಆ ಖಾಲಿ ಜಾಗದಲ್ಲಿ ಹಿಡಿತ ಸಿಗದು. ಹಾಗಾಗಿ ಅದರ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎಂದು ಹೆಸರು. ತುಂಡಿನ ಪಕ್ಕದ ಅಕ್ಷರಗಳೂ ಅದರತ್ತ ಹರಿದಂತೆ ತೆಳುವಾಗುತ್ತವೆ. ಅದೇ ಅರದಲ್ಲಿ ಉಜ್ಜಿದ್ದರೆ ಅಕ್ಷರ ಕಡಿದಂತೆ ನಿಲ್ಲುತ್ತದೆ, ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ. ಒಂದು ಕಡೆಯ ಸುಳ್ಳನ್ನು ಇನ್ನೊಂದು ಕಡೆ ಬಯಲು ಮಾಡುವ ಈ ಪರೀಕ್ಷೆ ನನಗೆ ಬಲು ಪ್ರಿಯ.

ಬ್ರಾಕೇಜ್ ಎಂಬ ಟಂಕಸಾಲೆಯ ದೋಷವೂ ಹೀಗೆಯೇ. ಮುದ್ರಿತ ನಾಣ್ಯವೊಂದು ಅಚ್ಚಿಗೆ ಅಂಟಿಕೊಂಡಾಗ ಮುಂದಿನ ಬಿಲ್ಲೆಯ ಮೇಲೆ ಅದರ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಒಳತಗ್ಗಾಗಿ ಮೂಡುತ್ತದೆ. ಇನ್ನೊಂದು ಮುಖ ಮಾತ್ರ ಲಕ್ಷಣವಾಗಿ ಅಚ್ಚಾಗಿರುತ್ತದೆ. ಎರಡು ನಾಣ್ಯಗಳನ್ನು ವೈಸ್‌ಗೆ ಸಿಕ್ಕಿಸಿ ಒತ್ತಿದ ನಕಲಿಯಲ್ಲಿ ಆ ಮುಖ ಚಪ್ಪಟೆಯಾಗಿರುತ್ತದೆ.

ಅಪರೂಪದ ದೋಷವೆಂದು ಯಾರಾದರೂ ದೊಡ್ಡ ಬೆಲೆ ಹೇಳಿದರೆ, ದುಡ್ಡು ಕೊಡುವ ಮೊದಲು ದಯವಿಟ್ಟು ನಾಣ್ಯವನ್ನು ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ.