ಪ್ಲೇಟೋನ ಎರಡನೆಯ ಆರೋಪ

ಪ್ಲೇಟೋ ಕವಿಗಳನ್ನು ಗಡಿಪಾರು ಮಾಡಿದನು, ಅರಿಸ್ಟಾಟಲನು ಅವರನ್ನು ಮರಳಿ ಕರೆತಂದನು ಎಂಬುದು ನಮ್ಮ ತರಗತಿಗಳಲ್ಲಿ ಸಾಗಿಬಂದ ಕಥೆ. ‘ರಿಪಬ್ಲಿಕ್’ನ 10ನೆಯ ಭಾಗವನ್ನು ಅರ್ಧಕ್ಕೇ ಮುಚ್ಚಿದವರಿಗೆ ಮಾತ್ರ ಇದು ಸಾಕೆನಿಸೀತು.

ಕಾವ್ಯಕ್ಕೂ ತತ್ತ್ವಚಿಂತನೆಗೂ ಇರುವ ಕಲಹ ಹಳೆಯದೆಂದು ಅಲ್ಲಿ ಸಾಕ್ರಟೀಸನೇ ಹೇಳುತ್ತಾನೆ. ಹೋಮರ್, ಹೆಸಿಯಡ್ ಇಬ್ಬರೂ ದೇವತೆಗಳ ಮೇಲೆ ಕಳ್ಳತನ, ಹಾದರ, ವಂಚನೆಗಳನ್ನು ಹೊರಿಸಿದರೆಂದು ಕ್ಸೆನೊಫನೀಸನು ಬಹು ಹಿಂದೆಯೇ ಆಕ್ಷೇಪಿಸಿದ್ದನು. ಆ ಆಕ್ಷೇಪವನ್ನೂ ಅವನು ಪದ್ಯದಲ್ಲಿಯೇ ಬರೆದನೆಂಬುದು ಬೇರೆ ಮಾತು.

ಪ್ಲೇಟೋನ ಮೊದಲ ಆರೋಪ ಮಂಚದ ದೃಷ್ಟಾಂತದಿಂದ ಪ್ರಸಿದ್ಧವಾದುದು. ಮಂಚದ ಮೂಲರೂಪ ಒಂದು, ಬಡಗಿಯ ಮಂಚ ಇನ್ನೊಂದು, ಚಿತ್ರಕಾರನದು ಮತ್ತೊಂದು. ಕವಿಯೂ ಚಿತ್ರಕಾರನಂತೆ ಸತ್ಯದಿಂದ ದೂರದವನು. ಇಲ್ಲಿನ ‘ಮಿಮೆಸಿಸ್’ ಪದವನ್ನು ನಾವು ‘ಅನುಕರಣೆ’ ಎಂದು ಅನುವಾದಿಸುತ್ತೇವೆ. ಆದರೆ 3ನೆಯ ಭಾಗದಲ್ಲಿ ಅದೇ ಪದಕ್ಕೆ ಕವಿ ಪಾತ್ರದ ದನಿಯಲ್ಲಿ ನುಡಿಯುವುದು ಎಂಬ ಅರ್ಥವಿದೆ. ಈ ಎರಡು ಅರ್ಥಗಳ ಅಂತರ ಕನ್ನಡದ ಒಂದೇ ಪದದಲ್ಲಿ ಅಳಿಸಿಹೋಗುತ್ತದೆ. ಸಾಲದೆಂಬಂತೆ, ಶಂಕುಕನ ಅನುಕರಣವಾದವೂ ಅಭಿನವಗುಪ್ತನ ಖಂಡನೆಯೂ ಆ ಪದದ ಬೆನ್ನಿಗೇ ಬರುತ್ತವೆ. ಪ್ಲೇಟೋ ಮಾತು ಮುಗಿಸುವ ಮೊದಲೇ ಓದುಗನ ಕಿವಿಯಲ್ಲಿ ಉತ್ತರ ಮೊಳಗಿರುತ್ತದೆ. ‘ಮಿಮೆಸಿಸ್’ ಎಂದೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಎರಡನೆಯ ಆರೋಪವನ್ನೇ ಸಾಕ್ರಟೀಸನು ಅತಿ ದೊಡ್ಡದೆನ್ನುತ್ತಾನೆ: ಕಾವ್ಯವು ಸಜ್ಜನರನ್ನೂ ಕೆಡಿಸುತ್ತದೆ. ಸ್ವಂತ ದುಃಖದಲ್ಲಿ ಸಂಯಮವನ್ನು ಮೆಚ್ಚುವ ನಾವು, ದುರಂತದ ನಾಯಕ ಎದೆ ಬಡಿದುಕೊಂಡು ಗೋಳಿಟ್ಟಾಗ ಅವನೊಡನೆ ಮರುಗಿ ಸುಖಿಸುತ್ತೇವೆ. ಅನ್ಯರ ನೋವಿನಲ್ಲಿ ಉಂಡು ಬಲಿತ ಕರುಣೆಯನ್ನು ನಮ್ಮ ನೋವಿನಲ್ಲಿ ಹಿಡಿದು ನಿಲ್ಲಿಸುವುದು ಸುಲಭವಲ್ಲ. ಈ ಮಾತಿನ ತೂಕ ತಿಳಿಯಬೇಕಾದರೆ ಒಬ್ಬಂಟಿ ಓದುಗನನ್ನಲ್ಲ, ಅಥೆನ್ಸಿನ ಡಯೊನೈಸಸ್ ರಂಗಮಂದಿರದಲ್ಲಿ ಒಟ್ಟಿಗೆ ಕಣ್ಣೀರಿಡುವ ಸಾವಿರಾರು ನಾಗರಿಕರನ್ನು ನೆನೆಯಬೇಕು. ಅದೇ ಜನ ಮರುದಿನ ಸಭೆಯಲ್ಲಿ, ನ್ಯಾಯಸ್ಥಾನದಲ್ಲಿ ಕುಳಿತು ತೀರ್ಪು ಕೊಡುವವರು.

ಅಷ್ಟಾದರೂ ಗಡಿಪಾರು ಷರತ್ತಿನದು. ಕವಿಗಳಲ್ಲದ ಕಾವ್ಯಪ್ರಿಯರು ಗದ್ಯದಲ್ಲಿ ವಾದಿಸಲಿ, ಕಾವ್ಯ ಹಿತಕರ ಮಾತ್ರವಲ್ಲ, ರಾಜ್ಯಕ್ಕೂ ಮನುಷ್ಯಜೀವನಕ್ಕೂ ಉಪಯುಕ್ತವೆಂದು ತೋರಿಸಲಿ ಎಂದು ಸಾಕ್ರಟೀಸನು ಆಹ್ವಾನಿಸುತ್ತಾನೆ.

ಅರಿಸ್ಟಾಟಲನ ‘ಪೊಯೆಟಿಕ್ಸ್’ ಮೊದಲ ಆರೋಪಕ್ಕೆ 9ನೆಯ ಅಧ್ಯಾಯದಲ್ಲಿ ಸಮರ್ಥ ಉತ್ತರ ಕೊಟ್ಟಿದೆ: ಕಾವ್ಯ ಹೇಳುವುದು ಸಂಭವನೀಯವಾದುದನ್ನು, ಸಾರ್ವತ್ರಿಕವಾದುದನ್ನು, ಆದ್ದರಿಂದ ಅದು ಇತಿಹಾಸಕ್ಕಿಂತ ತಾತ್ತ್ವಿಕ. ಎರಡನೆಯದಕ್ಕೆ ಸಿಗುವುದು 6ನೆಯ ಅಧ್ಯಾಯದ ‘ಕಥಾರ್ಸಿಸ್’ ಎಂಬ ಒಂದೇ ಪದ. ಅದನ್ನು ಕಾವ್ಯದ ಕುರಿತ ಗ್ರಂಥದಲ್ಲಿ ಸ್ಪಷ್ಟಪಡಿಸುವೆನೆಂದು ‘ಪಾಲಿಟಿಕ್ಸ್’ನ 8ನೆಯ ಭಾಗದಲ್ಲಿ ಅವನು ಹೇಳಿದ್ದರೂ ನಮಗೆ ಉಳಿದುಬಂದ ಪಾಠದಲ್ಲಿ ಆ ವಿವರಣೆಯಿಲ್ಲ. ವಿರೇಚನವೋ ಶುದ್ಧೀಕರಣವೋ ಎಂದು ವಿದ್ವಾಂಸರು ಇಂದಿಗೂ ಜಗ್ಗಾಡುತ್ತಿದ್ದಾರೆ. ನಮ್ಮ ಪಠ್ಯಗಳು ಮಾತ್ರ ಆ ಪದವನ್ನೇ ಪೂರ್ಣ ಉತ್ತರವೆಂದು ಬರೆಸಿ ಅಂಕ ಕೊಡುತ್ತಿವೆ.